ಸೆಕ್ರೆಟರಿ ಸಾಹೇಬರು ಕಾರು ತಗ್ಗಿಸಿದ್ದು

ನಮ್ಮ ಕಾಲೊನಿಯಲ್ಲಿ ಯಾರಾದರೂ ತೀರಿಕೊಂಡರೆ ಕಮ್ಯುನಿಟಿ ಹಾಲಿನಲ್ಲಿ ಒಂದು ಸಭೆ ಆಗುತ್ತದೆ. ಪ್ಲಾಸ್ಟಿಕ್ ಕುರ್ಚಿ, ಹಾರ ಹಾಕಿದ ಫೋಟೊ, ಕೊನೆಗೆ ಚಹಾ. ಬದುಕಿದ್ದಾಗ ದೂರದಿಂದ ಕಂಡರೆ ಗಲ್ಲಿ ಬದಲಿಸುತ್ತಿದ್ದವರೂ ಅಂದು ಮೈಕ್ ಹಿಡಿದು, ಅವರಂಥವರು ಇನ್ನು ಹುಟ್ಟುವುದಿಲ್ಲ ಎನ್ನುತ್ತಾರೆ. ನಮ್ಮ ಎದುರುಮನೆಯ ಸೆಕ್ರೆಟರಿ ಸಾಹೇಬರ ಸಭೆಯೂ ಹಾಗೇ ನಡೆಯಿತು. ಒಬ್ಬರು ತೆಲುಗಿನಲ್ಲಿ ಹೊಗಳಿದರು, ಇನ್ನೊಬ್ಬರು ಹಿಂದಿಯಲ್ಲಿ. ಎಲ್ಲರ ಬಾಯಲ್ಲೂ ಒಂದೇ ಮಾತು, ಶಿಸ್ತು. ಅವರಂಥವರು ಇನ್ನು ಹುಟ್ಟುವುದಿಲ್ಲ ಎಂದಾಗ ನನ್ನ ಹಿಂದಿನ ಕುರ್ಚಿಯವರು "ದೇವರು ದೊಡ್ಡವನು" ಎಂದು ಮೆಲ್ಲಗೆ ಅಂದದ್ದು ನನ್ನ ಕಿವಿಗೆ ಬಿತ್ತು. ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ, ಅಷ್ಟರಲ್ಲಿ ಅಳುವೂ ಬಂತು.

ಮಾತಾಡಿದವರಲ್ಲಿ ಒಬ್ಬರೂ ಅವರ ಕಾರಿನ ಸುದ್ದಿ ಎತ್ತಲಿಲ್ಲ. ಸತ್ತವರ ಮರ್ಯಾದೆ ನೋಡಿ ಸುಮ್ಮನಾದರೇನೋ. ನನಗಂತೂ ಆ ಮನುಷ್ಯ ನೆನಪಾಗುವುದೇ ಆ ಕಾರಿನಿಂದ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಇಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ, ಎಲ್ಲರಿಗೂ ಅವರು ಸೆಕ್ರೆಟರಿ ಸಾಹೇಬರೇ. ಕಲಬುರಗಿ ಕಡೆಯವರು. ಹಿಮಾಯತ್‌ನಗರದ ಒಂದು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತೇ ಹೊರತು ಅವರು ಕಚೇರಿಯನ್ನು ಬಿಡಲಿಲ್ಲ. ಮೆಹದಿಪಟ್ಟಣಂ ಹತ್ತಿರದ ನಮ್ಮ ಕಾಲೊನಿಯ ಸಂಘಕ್ಕೆ ಸೆಕ್ರೆಟರಿಯಾಗಿ ಕೂತವರು ಸಾಯುವತನಕ ಏಳಲಿಲ್ಲ. ತರಕಾರಿಯವಳ ಜೊತೆ ತೆಲುಗು, ಕಾರಿನ ಮಿಸ್ತ್ರಿಯ ಜೊತೆ ದಖನಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷ್. ನಾನು ಬೀದರ್ ಕಡೆಯವಳು, ಇಲ್ಲೇ ಶಾಲೆಯಲ್ಲಿ ಪಾಠ ಹೇಳಿದವಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರಲ್ಲ, ಸಾಹೇಬರೂ ನನ್ನನ್ನು ಹಾಗೇ ಕರೆಯುತ್ತಿದ್ದರು.

"ನಿಯಮ ಅಂದ್ರ ನಿಯಮರಿ ಅಕ್ಕೋರ" ಎನ್ನುವುದು ಅವರ ಮಂತ್ರ. ನಿಯಮ ಯಾವುದು ಎಂದು ಕೇಳಿದರೆ, ಅವರು ಆ ಹೊತ್ತಿಗೆ ಹೇಳಿದ್ದೇ ನಿಯಮ. ನಮ್ಮ ಗಲ್ಲಿಯ ಸ್ಪೀಡ್ ಬ್ರೇಕರ್‌ಗಳೆಲ್ಲ ಅವರೇ ನಿಂತು ಹಾಕಿಸಿದವು. ಬೈಕಿನ ಹುಡುಗರ ಸೊಕ್ಕು ಮುರಿಯಬೇಕು ಎಂದು ಹೊರಟವರು ಎಷ್ಟು ಎತ್ತರ ಹಾಕಿಸಿದ್ದರೆಂದರೆ, ಹಾಲಿನವನು ಅಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಒಮ್ಮೆ ಮೂಲೆಮನೆಯವರು ಮದುವೆ ಕಾರಿನ ಹೊಟ್ಟೆ ಉಜ್ಜುತ್ತದೆಂದು ಒಂದರ ತಲೆಯನ್ನು ಸ್ವಲ್ಪ ಕೆತ್ತಿಸಿದರು. ಮದುಮಗಳು ಮನೆ ಹೊಕ್ಕ ಮರುದಿನವೇ ಸಾಹೇಬರು ಅದನ್ನು ಮತ್ತೆ ಕಟ್ಟಿಸಿದರು. ಈ ಸಲ ಇನ್ನೂ ಒಂದು ಬೆರಳು ಎತ್ತರ.

ಇನ್ನು ಅವರ ಕಾರು. ಗೇರು ಸ್ಟೀರಿಂಗಿನ ಬಗಲಲ್ಲಿರುತ್ತಿದ್ದ ಕಾಲದ್ದು. ಬೆಣ್ಣೆ ಬಣ್ಣ, ದುಂಡು ದೀಪ, ಮುಂದೆ ಬೆಂಚಿನಂಥ ಒಂದೇ ಉದ್ದನೆಯ ಸೀಟು. ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ ಅದನ್ನು ಒರೆಸುತ್ತ ಅದರ ಜೊತೆ ಮಾತಾಡುತ್ತಿದ್ದರು. ಹೆಂಡತಿಯ ಜೊತೆ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರ ತಾಯಿ ಇರುವತನಕ ಮುಂದಿನ ಸೀಟು ತಾಯಿಯದು. ಹೆಂಡತಿ ಹಿಂದೆ, ಚೀಲ ಬುಟ್ಟಿಗಳ ಜೊತೆ. ತಾಯಿ ತೀರಿಕೊಂಡ ಮೇಲೂ ಆ ಸೀಟಿನಲ್ಲಿ ಎಷ್ಟೋ ದಿನ ಸಾಹೇಬರ ಕೊಡೆ ಕೂತಿತ್ತು. ಒಂದು ದಿನ ರಸ್ತೆಯ ಕಡೆ ಮುಖ ಮಾಡಿಕೊಂಡು "ಮುಂದ ಬಾ" ಅಂದರಂತೆ. ಹೀಗೆಂದು ಅವರ ಹೆಂಡತಿಯೇ ನನಗೆ ಹೇಳಿ ಬಿದ್ದು ಬಿದ್ದು ನಕ್ಕರು. "ನನಗ ಅಂದ್ರೋ ಕೊಡಿಗೆ ಅಂದ್ರೋ ತಿಳೀಲಿಲ್ಲ ನೋಡ್ರಿ, ಅದಕ್ಕ ಮತ್ತೊಮ್ಮೆ ಅನ್ನೂತನಕ ನಿಂತ್ನಿ."

ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ಎತ್ತರದ, ತುಂಬಿದ ಮೈಯ ಹೆಂಗಸು. ನಕ್ಕರೆ ನಮ್ಮ ಮನೆಗೆ ಕೇಳುತ್ತದೆ. ಗಂಡ ಹೆಂಡತಿ ಬಜಾರಿಗೆ ಹೊರಟರೆ ಸಾಹೇಬರು ಮುಂದೆ, ವೈನಿ ಹಿಂದೆ. ನಡುವೆ ಒಂದು ಎತ್ತಿನ ಗಾಡಿ ದಾಟುವಷ್ಟು ಜಾಗ. ಅವರ ಮನೆತನದಲ್ಲಿ ಗಂಡಸು ಹೆಂಡತಿಯ ಜೊತೆಗೆ ಹೆಜ್ಜೆ ಹಾಕಿದರೆ ದೊಡ್ಡವರು ಕೆಮ್ಮುತ್ತಿದ್ದರಂತೆ. ಕೆಮ್ಮುವವರೆಲ್ಲ ಹೋಗಿ ಬಹಳ ಕಾಲವಾಗಿತ್ತು, ಆದರೂ ಸಾಹೇಬರು ಮುಂದೆ, ವೈನಿ ಹಿಂದೆ.

ಆಮೇಲೆ ವೈನಿಯ ಮೊಣಕಾಲು ಕೈಕೊಟ್ಟವು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದರು, ಆದರೆ ಕಾಲೆತ್ತಿ ಕಾರು ಹತ್ತುವುದು ಆಗದಾಯಿತು. ಆಪರೇಷನ್ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆಟೊ ಇನ್ನೂ ಎತ್ತರ. ಹಿಡಿದು ಹತ್ತಿಸುತ್ತೇವೆಂದರೆ ಯಾರ ಕೈಯನ್ನೂ ಮುಟ್ಟಗೊಡುತ್ತಿರಲಿಲ್ಲ. ನಾನು ಕೈ ಚಾಚಿದ್ದಕ್ಕೆ "ಎತ್ತಿ ಇಡಾಕ ನಾ ಏನು ಗ್ಯಾಸ್ ಸಿಲಿಂಡರ್ ಏನ್ರಿ ಅಕ್ಕೋರ? ಬ್ಯಾಡ, ಬಿಡ್ರಿ" ಅಂದುಬಿಟ್ಟರು. ಹೀಗೆ ಆ ವರ್ಷದ ನಾಗರ ಪಂಚಮಿ ಅವರಿಗೆ ತಪ್ಪಿತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿ ತಪ್ಪುವುದೆಂದರೆ ಏನೆಂದು ಉಳಿದವರಿಗೆ ಹೇಳುವುದು ಕಷ್ಟ. ಅದು ತವರಿನ ಹಬ್ಬ. ವೈನಿಯ ತವರಿನಲ್ಲಿ ಉಳಿದವನು ಸಿಕಂದರಾಬಾದಿನಲ್ಲಿರುವ ತಮ್ಮ ಒಬ್ಬನೇ. ಪ್ರತಿ ವರ್ಷ ಅವನು ಬಂದು ಕರೆಯಬೇಕು, ಇವರು ಹೋಗಬೇಕು, ಅವನ ಮನೆಯ ಮಣ್ಣಿನ ನಾಗಪ್ಪನಿಗೆ ತಮ್ಮ ಕೈಯಿಂದ ಹಾಲೆರೆಯಬೇಕು. ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಹಾಲು ಬೀಳಬೇಕು. ಅವರೇ ಇಲ್ಲಿಗೆ ಬರಲಿ ಎಂದು ನಾನು ಅಂದದ್ದಕ್ಕೆ ವೈನಿ ಅಂದರು: "ಅವ್ರು ಇಲ್ಲಿಗೆ ಬಂದ್ರ ಅದು ಬೀಗರ ಊಟ ಆಕ್ಕೈತ್ರಿ. ನಾ ಅಲ್ಲಿಗೆ ಹೋದ್ರ ಪಂಚಮಿ." ಆ ದಿನ ಪೂರ್ತಿ ಕಿಟಕಿಯಲ್ಲಿ ಕೂತಿದ್ದರು. ಉಂಡಿ ಕೊಡಲು ಹೋದರೆ ತಟ್ಟೆ ತೆಗೆದುಕೊಂಡರು, ನಗಲಿಲ್ಲ.

ಮುಂದಿನ ಪಂಚಮಿ ಹತ್ತಿರ ಬಂದಂತೆ ಸಾಹೇಬರಿಗೆ ಒಂದು ನಮೂನೆ ಹುಚ್ಚು ಹಿಡಿಯಿತು. ಮೊದಲು ಮಣೆ ತಂದರು. ವೈನಿ ಅದರ ಮೇಲೆ ಕಾಲಿಟ್ಟದ್ದೇ ತಡ ಮಣೆ ಜಾರಿ ಕಾರಿನಡಿ ಹೋಯಿತು. ಆಮೇಲೆ ಒಂದು ಸಂಜೆ ನಮ್ಮ ಬಾಗಿಲು ಬಡಿದು, "ಅಕ್ಕೋರ, ನೀವು ಮತ್ತ ನಿಮ್ಮ ಮನಿಯವ್ರು ಜರಾ ಬಂದು ಕಾರಿನ್ಯಾಗ ಕೂಡ್ರಿ" ಅಂದರು. ಎಲ್ಲಿಗೆ ಎಂದರೆ ಎಲ್ಲಿಗೂ ಇಲ್ಲ, ಸುಮ್ಮನೆ ಕೂಡಬೇಕು. ನಮ್ಮ ಮನೆಯವರೂ ನಾನೂ ಒಣಗಿದವರೇನಲ್ಲ. ಹಿಂದಿನ ಸೀಟಿನಲ್ಲಿ ಕೂತೆವು. ಸಾಲದೆಂದು ವಾಚ್‌ಮನ್ನನನ್ನೂ ನಮ್ಮ ನಡುವೆ ತುರುಕಿದರು. ಭಾರಕ್ಕೆ ಕಾರು ತಗ್ಗುತ್ತದೆ, ಆಗ ವೈನಿ ಹತ್ತಬಹುದು ಎಂದು ಅವರ ಲೆಕ್ಕ. ಕಾರು ಹಿಂದೆ ತಗ್ಗಿತು ನಿಜ, ಅಷ್ಟಕ್ಕೇ ಮುಂದೆ ಎದ್ದು ನಿಂತಿತು. ವೈನಿ ಹತ್ತಬೇಕಾದದ್ದು ಮುಂದೆ.

ವೈನಿ ಗೇಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಾಹೇಬರು ನಗಲಿಲ್ಲ. ಕಾರಿನ ಹಿಂಭಾಗವನ್ನೇ ನೋಡುತ್ತ, "ಅಂದ್ರ ಇದು ಬಗ್ಗತೈತಿ" ಅಂದರು.

ಅದೇ ಗಲ್ಲಿಯಲ್ಲಿ ಒಬ್ಬ ಹುಡುಗ ತನ್ನ ಕಾರನ್ನು ನೆಲಕ್ಕೆ ಮೂಗು ತಾಗುವಷ್ಟು ತಗ್ಗಿಸಿಕೊಂಡಿದ್ದ. ಅದಕ್ಕೆ ಸಾಹೇಬರು ನೋಟಿಸು ಕೊಟ್ಟು, ಇದು ಕಾಲೊನಿಯೋ ಸರ್ಕಸ್ಸೋ ಎಂದು ಇಂಗ್ಲಿಷಿನಲ್ಲಿ ಕೂಗಾಡಿದ್ದರು. ಈಗ ಅವನಿಂದಲೇ ಗ್ಯಾರೇಜಿನ ವಿಳಾಸ ಕೇಳಿಸಿಕೊಂಡರು. ತಾವು ಕೇಳಲಿಲ್ಲ, ವಾಚ್‌ಮನ್ನನಿಂದ ಕೇಳಿಸಿದರು. ನಾನೂ ಮೆಹದಿಪಟ್ಟಣಂ ಬಜಾರಿನಲ್ಲಿ ಕೆಲಸವಿದೆಯೆಂದು ಜೊತೆಗೆ ಹೋದೆ. ಕೆಲಸವೇನೂ ಇರಲಿಲ್ಲ, ತಮಾಷೆ ನೋಡಬೇಕಿತ್ತು.

ಮಿಸ್ತ್ರಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಸಾಬ್, ಇತ್ತೀ ಪುರಾನಿ ಗಾಡಿ ಕೋ ಕಾಯ್ಕು ಸತಾತೇ?" ಅಂದ. ಇಷ್ಟು ಮುದಿ ಗಾಡಿಯನ್ನು ಯಾಕೆ ಕಾಡುತ್ತೀರಿ ಎಂದು. ಮುಂದಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಬೇಕು, ಹಿಂದಿನ ಕಮಾನು ಪಟ್ಟಿಯಲ್ಲಿ ಒಂದೆರಡು ಪದರ ತೆಗೆಯಬೇಕು, ಕೂತವರ ಬೆನ್ನು ಪುಡಿಯಾಗುತ್ತದೆ, ಹೊಟ್ಟೆ ರಸ್ತೆಗೆ ಉಜ್ಜುತ್ತದೆ ಎಂದು ವಿವರಿಸಿದ. ನಾನು ನಡುವೆ ಬಾಯಿ ಹಾಕಿ, "ಇದು ನಿಯಮಕ್ಕ ಸರಿ ಐತೇನ್ರಿ ಸಾಹೇಬ್ರ?" ಎಂದು ಕೇಳಿದೆ.

"ನಿಯಮ ಇರೂದು ಎತ್ತರ ಮಾಡೂದಕ್ಕರಿ. ತಗ್ಗಿ ನಡೆಯೂದಕ್ಕ ಯಾವ ಸರಕಾರ ಬ್ಯಾಡ ಅಂತೈತಿ?" ಎಂದರು.

ಕಾರು ತಗ್ಗಿ ಬಂತು. ಸಾಹೇಬರು ಬೆನ್ನು ನೆಟ್ಟಗೆ ಮಾಡಿ, ಟೊಪ್ಪಿಗೆ ಹಾಕಿಕೊಂಡು, ಆ ಕಾರಿನಲ್ಲಿ ಗಲ್ಲಿಯೊಳಗೆ ಬಂದ ದೃಶ್ಯ ನೋಡಬೇಕಿತ್ತು. ಮೊದಲನೆಯ ಸ್ಪೀಡ್ ಬ್ರೇಕರಿನ ಮೇಲೆ ಕರ್ರ್ ಎಂದು ಸದ್ದಾಯಿತು, ಮನೆ ಮನೆಯ ಬಾಲ್ಕನಿ ತುಂಬಿತು. "ಏಮಂಡೀ ಸೆಕ್ರೆಟರಿಗಾರು, ರೇಸ್‌ಕಿ ಪೋತುನ್ನಾರಾ?" ಎಂದು ಮೂಲೆಮನೆಯವರು ಕೂಗಿ ಕೇಳಿದರು. ರೇಸಿಗೆ ಹೊರಟಿರಾ ಎಂದು. ಮದುವೆ ಕಾರಿನ ಸಿಟ್ಟು ಅವರಿಗೆ ಇನ್ನೂ ಇತ್ತು. ನೋಟಿಸು ತಿಂದ ಹುಡುಗ ಹೆಬ್ಬೆರಳು ಎತ್ತಿ "ಸೂಪರ್ ಅಂಕಲ್" ಅಂದ. ಈ ವಯಸ್ಸಿನಲ್ಲಿ ಶೋಕಿ ಹತ್ತಿತು, ತಲೆ ಕೆಟ್ಟಿತು, ಇನ್ನು ಕೂದಲಿಗೆ ಬಣ್ಣ ಹಚ್ಚುವುದೊಂದು ಬಾಕಿ ಎಂದು ವಾರಗಟ್ಟಲೆ ಆಡಿಕೊಂಡರು.

ಸಾಹೇಬರು ಯಾರಿಗೂ ಕಾರಣ ಹೇಳಲಿಲ್ಲ. ಕೇಳಿದವರಿಗೆಲ್ಲ "ಮೈಲೇಜ್ ಭಾಳ ಬರ್ತೈತಿ" ಎಂದು ಒಂದೇ ಉತ್ತರ. ನನಗೆ ತಡೆಯಲಿಲ್ಲ. "ಅಲ್ರಿ ಸಾಹೇಬ್ರ, ವೈನಿ ಮೊಣಕಾಲು ಸಲುವಾಗಿ ಮಾಡಿಸೀನಿ ಅಂತ ಹೇಳಿಬಿಡ್ರಿ. ಬಾಯಿ ಮುಚ್ಚತಾರ" ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

"ಇಕಿ ಕಾಲಿನ ಸುದ್ದಿ ಊರ ಮಂದಿ ಬಾಯಾಗ ಬೀಳೂದು ಬ್ಯಾಡರಿ. ನನ್ನ ನೋಡಿ ನಗಲಿ. ನನಗೇನಾಗತೈತಿ?"

ಇಡೀ ಜೀವನ ತನ್ನನ್ನು ನೋಡಿ ಯಾರೂ ನಗಬಾರದೆಂದು ಬದುಕಿದ ಮನುಷ್ಯ ಹೀಗೆ ಅಂದದ್ದು. ಅಂದು ಮೊದಲ ಬಾರಿಗೆ ನನಗೆ ಅವರ ಮೇಲೆ ಪ್ರೀತಿ ಬಂತು. ಅಲ್ಲಿಯತನಕ ನೆರೆಯವರೆಂಬ ಕಾರಣಕ್ಕೆ ಸಹಿಸಿಕೊಂಡಿದ್ದೆ, ಅಷ್ಟೇ.

ಸಿಕಂದರಾಬಾದಿಗೆ ಹೋಗುವ ದಾರಿಯನ್ನು ಅವರು ಸಿಟಿ ಬಸ್ಸಿನಲ್ಲಿ ಕೂತು ಸರ್ವೆ ಮಾಡಿಕೊಂಡು ಬಂದರು. ಎಲ್ಲಿ ರಸ್ತೆ ಉಬ್ಬಿದೆ, ಎಲ್ಲಿ ಕುಣಿ ಬಿದ್ದಿದೆ, ಯಾವ ಫ್ಲೈಓವರ್ ನುಣ್ಣಗಿದೆ ಎಲ್ಲ ಬಾಯಿಪಾಠ. ಟ್ಯಾಂಕ್‌ಬಂಡ್ ಕಡೆಯಿಂದ ಹೋದರೆ ಎಲ್ಲೂ ಹೊಟ್ಟೆ ಉಜ್ಜುವುದಿಲ್ಲ ಎಂದು ನನಗೆ ಒಪ್ಪಿಸಿದರು. ಇಷ್ಟು ದೊಡ್ಡ ಹೈದರಾಬಾದಿನಲ್ಲಿ ಅವರ ಕಾರು ದಾಟಲಾಗದ ಉಬ್ಬುಗಳು ಇದ್ದದ್ದು ನಮ್ಮ ಗಲ್ಲಿಯಲ್ಲಿ ಮಾತ್ರ.

ಪಂಚಮಿಯ ಬೆಳಿಗ್ಗೆ ವೈನಿ ಇಳಕಲ್ ಸೀರೆ ಉಟ್ಟು ಹೊರಗೆ ಬಂದರು. ಬಾಗಿಲಿಗೆ ಬೆನ್ನು ಮಾಡಿ, ಮೆಲ್ಲಗೆ ಸೀಟಿನ ಮೇಲೆ ಕುಂಡೆ ಊರಿ, ಕಾಲು ಒಳಗೆ ಎಳೆದುಕೊಂಡರು. ಯಾರ ಕೈಯೂ ಬೇಕಾಗಲಿಲ್ಲ. "ಕುಂತ್ನಿ ನೋಡ್ರಿ ಅಕ್ಕೋರ!" ಎಂದು ಕೂಗಿದರು. ಸಾಹೇಬರು ಬೇರೆ ಕಡೆ ನೋಡುತ್ತ ನಿಂತಿದ್ದರು, ಆದರೆ ಮೀಸೆ ನಗುತ್ತಿತ್ತು. ನನ್ನನ್ನೂ ಹಿಂದೆ ಕೂಡಿಸಿಕೊಂಡರು, ಉಂಡಿಯ ಡಬ್ಬಿ ಹಿಡಿಯಲು.

ಮೊದಲನೆಯ ಉಬ್ಬಿನ ಮುಂದೆ ಕಾರು ನಿಂತಿತು. ಖಾಲಿ ಕಾರೇ ಉಜ್ಜಿತ್ತು, ಈಗ ಇಬ್ಬರು ತುಂಬಿದ ಹೆಂಗಸರು. ನಾನು ಇಳಿದೆ. ಆದರೂ ಸಾಲದು. ವೈನಿಯನ್ನು ಇಳಿಸುವಂತಿಲ್ಲ, ಉಬ್ಬನ್ನು ಒಡೆಸುವಂತಿಲ್ಲ. "ಕಾರಣ ಏನ ಇರಲಿ, ಒಡೆದವರು ಕಟ್ಟಿಸಿಕೊಡಬೇಕು" ಎಂದು ಹಿಂದೆ ಸಭೆಯಲ್ಲಿ ಮೇಜು ಕುಟ್ಟಿದವರು ಇವರೇ. ಬಾಲ್ಕನಿಗಳು ಆಗಲೇ ತುಂಬತೊಡಗಿದ್ದವು.

ಬಾಜು ಒಂದು ಮನೆ ಕಟ್ಟುತ್ತಿದ್ದರು. ಯಾದಗಿರಿ ಕಡೆಯಿಂದ ಬಂದ ಕೂಲಿಯವರು. ಅವರ ಹಲಗೆ, ಉಸುಕು ರಸ್ತೆಗೆ ಬಂತೆಂದು ಸಾಹೇಬರು ದಿನಾ ಬೈಯುತ್ತಿದ್ದರು. ಈಗ ಅವರ ಹತ್ತಿರವೇ ಹೋಗಿ, ಉಬ್ಬಿನ ಎರಡೂ ಕಡೆ ಇಳಿಜಾರಾಗಿ ಹಾಸಲು ಹಲಗೆ ಕೇಳಿದರು. ಗೋಡೆಗೆ ಗಾರೆ ಮೆತ್ತುತ್ತಿದ್ದ ಗೌಂಡಿ ಕರಣಿ ಕೆಳಗಿಟ್ಟು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ ಕೇಳಿದ: "ಸಾಹೇಬ್ರ, ರೋಡಿನ ಮ್ಯಾಲ ಹಲಗಿ ಇಡಬಾರ್ದು ಅಂತ ನೀವ ಹೇಳಿದ್ರಲ್ರಿ?"

"ಇಡಬ್ಯಾಡ ಅಂದಿದ್ನಿ. ಹಾಸಬ್ಯಾಡ ಅಂದಿಲ್ಲ."

ಗೌಂಡಿ ನಕ್ಕುಬಿಟ್ಟ. ಕೂಲಿಯವರು ಹಲಗೆ ಹೊತ್ತು ಬಂದರು. ಒಂದು ಉಬ್ಬಿಗೆ ಹಾಸುವುದು, ಕಾರು ಆಮೆಯ ಹಾಗೆ ಹತ್ತಿ ಇಳಿಯುವುದು, ಹಲಗೆ ಎತ್ತಿಕೊಂಡು ಮುಂದಿನ ಉಬ್ಬಿಗೆ ಓಡುವುದು. ಗಾರೆ ಬುಟ್ಟಿ ಹೊತ್ತಿದ್ದ ಒಬ್ಬ ಹೆಣ್ಣುಮಗಳು ಕಾರಿನ ಕಿಟಕಿಯ ಜೊತೆಗೇ ನಡೆಯುತ್ತ, "ತವರಿಗಿ ಹೊಂಟೀರೇನ್ರಿ ಯವ್ವಾ?" ಎಂದು ಕೇಳಿದಳು.

"ಹೌದವ್ವಾ. ಪಂಚಮಿಗೆ. ನೀ ಹೋಗಲಿಲ್ಲ?"

"ನಮ್ದು ಎಲ್ಲಿದ್ರಿ ಯವ್ವಾ ಈ ಸಲ. ಸ್ಲ್ಯಾಬ್ ಐತಿ."

ವೈನಿ ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಅವಳ ಸೆರಗಿನಲ್ಲಿ ಉಂಡಿ ಸುರಿದರು. ತಮ್ಮನ ಮನೆಗೆಂದು ಮೂರು ದಿನ ಕೂತು ಕಟ್ಟಿದ್ದು. ಅರ್ಧ ಡಬ್ಬಿ ನಮ್ಮ ಗಲ್ಲಿಯಲ್ಲೇ ಖಾಲಿಯಾಯಿತು.

ದಾರಿಯಲ್ಲಿ ಸಾಹೇಬರ ಸರ್ವೆ ತಪ್ಪಲಿಲ್ಲ. ಬೆನ್ನು ಮಾತ್ರ ಮಿಸ್ತ್ರಿ ಹೇಳಿದಂತೆ ಪುಡಿಯಾಯಿತು. ಸಿಕಂದರಾಬಾದಿನಲ್ಲಿ ತಮ್ಮನ ಮನೆ ಬಾಗಿಲಿಗೇ ಕಾರು ನಿಂತಿತು. ತಮ್ಮ, ತಮ್ಮನ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅಕ್ಕಪಕ್ಕದವರೂ ನಾಲ್ಕು ಮಂದಿ. ವೈನಿ ಕಾಲು ಹೊರಗೆ ಹಾಕಿ, ನೆಲಕ್ಕೆ ಊರಿ, ಏಳಲು ಹೋದರು.

ಏಳಲಾಗಲಿಲ್ಲ. ಮತ್ತೊಮ್ಮೆ ಬಾಗಿಲು ಹಿಡಿದು ಜಗ್ಗಿದರು. ಆಗಲಿಲ್ಲ. ಸೀಟು ಅಷ್ಟು ತಗ್ಗಿಗೆ ಹೋಗಿತ್ತು, ಮೊಣಕಾಲು ಎದೆಯ ಹತ್ತಿರ ಬಂದಿದ್ದವು. ನೋವಿರುವ ಕಾಲಿಗೆ ಅಲ್ಲಿಂದ ಮೈ ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ಹತ್ತುವುದಕ್ಕೆ ತಗ್ಗು ಬೇಕು, ಇಳಿಯುವುದಕ್ಕೆ ಎತ್ತರ ಬೇಕು ಎಂಬ ಮಾತು ಅಷ್ಟು ದಿನ ಸಾಹೇಬರಿಗೂ ಹೊಳೆದಿರಲಿಲ್ಲ, ತಮಾಷೆ ನೋಡಲು ಹೋದ ನನಗೂ ಹೊಳೆದಿರಲಿಲ್ಲ. ಅಷ್ಟೂ ಜನ ಶಾಣ್ಯಾರು ಕೂಡಿ ಒಂದು ಹೆಣ್ಣುಮಗಳನ್ನು ತವರಿನ ಬಾಗಿಲಿಗೆ ತಂದು ತಗ್ಗಿನಲ್ಲಿ ಕೂಡಿಸಿದ್ದೆವು.

ತಮ್ಮ ಕೈ ಚಾಚಿದ. "ಬ್ಯಾಡಪ್ಪಾ" ಅಂದರು. ತಮ್ಮನ ಹೆಂಡತಿ ತಟ್ಟೆ ಇಟ್ಟು ಬಂದಳು, ನಾನೂ ಹೋದೆ. "ಬ್ಯಾಡರಿ, ಬಿಡ್ರಿ." ವೈನಿಯ ಮುಖ ಬಾಡತೊಡಗಿತು. ಕಿಟಕಿಯಲ್ಲಿ ಕೂತ ಹೋದ ವರ್ಷದ ಮುಖವೇ ಬರುತ್ತಿತ್ತು. ಸಾಹೇಬರು ಕಾರಿನ ಸುತ್ತ ತಿರುಗಿದರು. ಟೈರು ಒದ್ದರು. ಮಿಸ್ತ್ರಿಯನ್ನು ಇಂಗ್ಲಿಷಿನಲ್ಲಿ ಬೈದರು. ಆಮೇಲೆ ಡಿಕ್ಕಿ ತೆಗೆದು ಜಾಕ್ ಹೊರಗೆಳೆದರು.

ಹೌದು, ಜಾಕ್. ಹೆಂಡತಿ ಒಳಗಿರುವಂತೆಯೇ ಕಾರನ್ನು ಎತ್ತುತ್ತೇನೆಂದು ಹೊರಟರು. ಮಳೆಗಾಲದ ಕೆಸರಿನಲ್ಲಿ ಮೊಣಕಾಲೂರಿ ತಿರುಗಿಸತೊಡಗಿದರು. ಆ ಕಡೆ ಕಾರು ಎದ್ದಿತು. ಎದ್ದಂತೆ ವೈನಿ ಆ ಉದ್ದನೆಯ ಸೀಟಿನ ಮೇಲೆ ಸ್ಟೀರಿಂಗಿನ ಕಡೆ ಜಾರಿದರು. "ಅಯ್ಯಯ್ಯ, ನಿಂದರ್ರಿ, ಹೊಂಟ್ನಿ ನಾ!" ಎಂದು ಕೂಗಿದರು. ನೋಡುವವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸಾಹೇಬರು ಜಾಕ್ ಇಳಿಸಿದರು. ಬೆವರು ಹರಿಯುತ್ತಿತ್ತು, ಇಸ್ತ್ರಿಯ ಪ್ಯಾಂಟು ಕೆಸರಾಗಿತ್ತು. ಎದ್ದು ನಿಂತು ಹೆಂಡತಿಯ ಮೇಲೆ ರೇಗಿದರು.

"ಕಾರ್ ಕೊಯ್ಸೀನಿ. ಮಂದಿ ಕಡಿಂದ ನಗಿಸ್ಕೊಂಡೀನಿ. ಹಲಗಿ ಬೇಡೀನಿ. ಇನ್ನೇನು ಮಾಡ್ಲಿ ಹೇಳು?"

ವೈನಿ ತಲೆ ಎತ್ತಿ ಅವರನ್ನು ನೋಡಿದರು. "ಕೈ ಕೊಡ್ರಿ" ಅಂದರು.

"ನಿನ್ನ ತಮ್ಮ ಕೊಟ್ನಲ್ಲ, ಅಕ್ಕೋರು ಕೊಟ್ರಲ್ಲ, ನೀನ ಬ್ಯಾಡ ಅಂದಿ."

"ಅವ್ರದು ಬ್ಯಾಡ ಅಂದ್ನಿ. ನಿಮ್ದು ನೀವು ಯಾವಾಗ ಕೊಟ್ರಿ?"

ನಾನು ನೆನಪು ಮಾಡಿಕೊಂಡೆ. ಮಣೆ ತಂದಿದ್ದರು, ನಮ್ಮನ್ನು ಹಿಂದೆ ತುರುಕಿದ್ದರು, ಸ್ಪ್ರಿಂಗ್ ಕತ್ತರಿಸಿದ್ದರು. ಕೈ ಮಾತ್ರ ಚಾಚಿರಲಿಲ್ಲ. ಆ ಮನುಷ್ಯನಿಗೆ ಅದು ತೋಚಿರಲೇ ಇಲ್ಲ. ಸಾಹೇಬರು ಹೆಂಡತಿಯ ತಮ್ಮನನ್ನು ನೋಡಿದರು, ಅಕ್ಕಪಕ್ಕದ ಬಾಗಿಲುಗಳನ್ನು ನೋಡಿದರು. ಯಾರಾದರೂ ಕೆಮ್ಮುತ್ತಾರೇನೋ ಎಂದು ಕಾದರೇನೋ. ಜಾಕಿನ ಗ್ರೀಸ್ ಹತ್ತಿದ ಕೈಯನ್ನು ಕರ್ಚೀಫಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು. ಆಮೇಲೆ ಕೈ ಕೊಟ್ಟರು. ವೈನಿ ಎರಡೂ ಕೈಯಿಂದ ಅದನ್ನು ಹಿಡಿದು, ಹಲ್ಲು ಕಚ್ಚಿ, ಎದ್ದು ನಿಂತರು.

ನಿಂತ ಮೇಲೆ ಬಿಡಬೇಕಲ್ಲ, ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಹೊಸ್ತಿಲು ದಾಟಿದರು. ಮದುವೆಯಾದಾಗಿನಿಂದ ಆ ಇಬ್ಬರೂ ಜೊತೆಗೆ ನಡೆದದ್ದು ಅದೇ ಮೊದಲಿರಬೇಕು. ಸಾಹೇಬರು ಕಳವಿನಲ್ಲಿ ಸಿಕ್ಕವರಂತೆ ನೆಲ ನೋಡುತ್ತ ನಡೆದರು. ವೈನಿ ನಾಗಪ್ಪನ ಮುಂದೆ ಕುರ್ಚಿಯಲ್ಲಿ ಕೂತು, ಬಗ್ಗಿ, ತಮ್ಮ ಕೈಯಿಂದಲೇ ಹಾಲೆರೆದರು. ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು. ಕೊನೆಗೆ ಗಂಡನ ಕಡೆ ಓರೆಗಣ್ಣಿನಿಂದ ನೋಡಿ, "ಕಾರಿನ ಪಾಲು" ಎಂದು ಇನ್ನೊಂದು ಚಮಚ ಸುರಿದರು. ಅವರ ನಗು ಅಂದು ಸಿಕಂದರಾಬಾದ್ ಸ್ಟೇಷನ್ನಿಗೆ ಕೇಳಿಸಿರಬೇಕು.

ಮುಂದಿನ ಸಂಘದ ಸಭೆಯಲ್ಲಿ ಸಾಹೇಬರು ಎದ್ದು ನಿಂತು, ನಮ್ಮ ಸ್ಪೀಡ್ ಬ್ರೇಕರ್‌ಗಳು ನಿಯಮಕ್ಕಿಂತ ಎತ್ತರ ಇವೆ, ಕೂಡಲೇ ತಗ್ಗಿಸಬೇಕು ಎಂದು ಠರಾವು ಮಂಡಿಸಿದರು. ಯಾವ ಬುದ್ಧಿಗೇಡಿ ಇವನ್ನು ಹಾಕಿಸಿದ್ದು ಎಂದು ಗುಡುಗಿದರು. ಠರಾವು ಪಾಸಾಯಿತು.

ಆಮೇಲೆ ವಾರಕ್ಕೊಮ್ಮೆ ಇಬ್ಬರೂ ಎಲ್ಲಿಗಾದರೂ ಹೊರಡುತ್ತಿದ್ದರು. ಟ್ಯಾಂಕ್‌ಬಂಡ್, ಗುಡಿ, ಒಮ್ಮೆ ಹಿಮಾಯತ್‌ನಗರದಲ್ಲಿ ಬರೀ ಐಸ್‌ಕ್ರೀಮ್ ತಿನ್ನಲು. ತಿರುಗಿ ಬಂದಾಗ ಸಾಹೇಬರು ಇಳಿದು, ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು, ಗಲ್ಲಿಯ ಎರಡೂ ತುದಿ ನೋಡಿ, ಕೈ ಚಾಚುತ್ತಿದ್ದರು. ನಾನು ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಅವರಿಗೆ ಗೊತ್ತಿತ್ತೋ ಏನೋ. ಒಮ್ಮೆ ಎದುರಿಗೆ ಸಿಕ್ಕಾಗ ತಾವಾಗಿಯೇ "ಮೈಲೇಜ್ ಖರೇ ಭಾಳ ಬರ್ತೈತಿ ಅಕ್ಕೋರ" ಅಂದರು. ನಾನು ಹೌದ್ರಿ ಅಂದೆ.

ಅವರು ಹೋದದ್ದು ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ. ಬದುಕಿದ್ದಾಗ ಕೊಟ್ಟದ್ದು ಸಾಕೆನಿಸಿರಬೇಕು. ದಿನಕರ್ಮ ಮುಗಿದ ಮೇಲೆ ಆ ಮಿಸ್ತ್ರಿ ವೈನಿಯನ್ನು ಮಾತಾಡಿಸಲು ಬಂದ. ಸ್ವಲ್ಪ ಹೊತ್ತು ಕೂತು ಕಣ್ಣೊರೆಸಿಕೊಂಡ. ಗಾಡಿ ಮಾರುವುದಿದ್ದರೆ ತಾನು ಗಿರಾಕಿ ತರುತ್ತೇನೆ ಅಂದ. ಮಾರುವುದಿಲ್ಲ ಅಂದರು ವೈನಿ. ಅಕ್ಕೋರ ಮನೆಯವರು ಓಡಿಸುತ್ತಾರೆ, ತಾನು ಪಂಚಮಿಗೆ ಹೋಗುವವಳೇ. ಆದರೆ ಒಂದು ಕೆಲಸ ಆಗಬೇಕು, ಹೊಸ ಸ್ಪ್ರಿಂಗ್ ಹಾಕಿ ಕಾರನ್ನು ಮತ್ತೆ ಎತ್ತರ ಮಾಡಬೇಕು ಅಂದರು.

ಮಿಸ್ತ್ರಿ ಗಾಬರಿಯಾದ. "ನಕ್ಕೋ ಅಮ್ಮಾ. ಊಂಚಾ ಕರೇ ತೋ ಆಪ್ ಚಡ್ತೇ ಕೈಸಾ?" ಎತ್ತರ ಮಾಡಿದರೆ ನೀವು ಹತ್ತುವುದು ಹೇಗೆ ಎಂದು ಕೇಳಿದ. ನಾನೂ ಅದನ್ನೇ ಕೇಳಿದೆ, ನಾವೆಲ್ಲ ಇದ್ದೇವಲ್ಲ, ಕೈ ಹಿಡಿಯುತ್ತೇವಲ್ಲ ಅಂದೆ. ವೈನಿ ಅಂಗಳದಲ್ಲಿ ನಿಂತ ಕಾರನ್ನು ನೋಡುತ್ತ ಕೂತಿದ್ದರು.

"ಹತ್ತೂದು ಹೆಂಗರ ಹತ್ತತೀನಿ ಅಕ್ಕೋರ" ಅಂದರು. "ಇಳಿಯೂದು ಇನ್ನ ನಾ ಒಬ್ಬಾಕಿನ ಇಳೀಬೇಕಲ್ಲ."